ಎತ್ತಿದ ಕಾಲು ಎಲ್ಲಿ ಇಳಿಯಿತು?

ನಿನ್ನೆ ರಾತ್ರಿ ಒಂದು ಸಿನಿಮಾ ನೋಡಿ ಬಂದೆ. ಹೆಸರು ಬೇಡ. ಎರಡನೇ ಹಾಡಿಗೆ ಒಳ್ಳೆ ತಮಟೆ ಬೀಟ್ ಇತ್ತು, ಹಿಂದೆ ಸಾಲು ಸಾಲು ಗ್ರೂಪ್ ಡ್ಯಾನ್ಸರ್‌ಗಳು. ಸೀಟಿನ ತುದಿಗೆ ಬಂದು ಕೂತೆ. ಹೀರೋ ಕಾಲೆತ್ತಿದ. ಕಟ್. ಮುಖ. ಕಟ್. ಆಕಾಶದಿಂದ ಡ್ರೋನ್ ಶಾಟ್. ಕಟ್. ಕನ್ನಡಕ. ಎತ್ತಿದ ಕಾಲು ಎಲ್ಲಿ ಇಳಿಯಿತು ಅಂತ ಹಾಡು ಮುಗಿದರೂ ಗೊತ್ತಾಗಲಿಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಭರತನಾಟ್ಯ ಕಲಿತವಳು ಅಂತ ನಿಮಗೆಲ್ಲ ಗೊತ್ತಲ್ವಾ. ಮೊದಲ ಆರು ತಿಂಗಳು ಬರೀ ತಟ್ಟಡವು. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತು, ಕಾಲಲ್ಲಿ ನೆಲ ತಟ್ಟುವುದು, ಅಷ್ಟೇ. ತೊಡೆ ನಡುಗುತ್ತಿತ್ತು. ಕಾಲು ಸರಿಯಾಗದೆ ಕೈ ಎತ್ತಲು ಮೇಷ್ಟ್ರು ಬಿಡುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಕಾಲನ್ನೇ ಕತ್ತರಿಸಿದ ಮೇಲೆ ಅದನ್ನು ಡ್ಯಾನ್ಸ್ ಅಂತ ಯಾಕೆ ಕರೆಯಬೇಕು?

ಹಾಲಿವುಡ್‌ನಲ್ಲಿ ಫ್ರೆಡ್ ಆಸ್ಟೇರ್ 1930ರ ದಶಕದಲ್ಲೇ ಇದಕ್ಕೆ ಹಟ ಹಿಡಿದಿದ್ದ. ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ಮೈ ಫ್ರೇಮಿನಲ್ಲಿ ಇರಬೇಕು, ಕಟ್ ಆದಷ್ಟು ಕಡಿಮೆ ಇರಬೇಕು. ಅಷ್ಟು ದೂರ ಯಾಕೆ, 'ಆರ್‌ಆರ್‌ಆರ್' ಸಿನಿಮಾದ 'ನಾಟು ನಾಟು' ಹಾಡು ನೋಡಿ. 2021ರಲ್ಲಿ ಉಕ್ರೇನಿನ ಕೀವ್‌ನಲ್ಲಿ, ಅರಮನೆಯ ಎದುರು ಶೂಟ್ ಮಾಡಿದ್ದು. ಪ್ರೇಮ್ ರಕ್ಷಿತ್ ಮಾಸ್ಟರ್ ಹಾಕಿದ ಆ ಸ್ಟೆಪ್ಪಿನಲ್ಲಿ ಇಬ್ಬರು ಹೀರೋಗಳ ನಾಲ್ಕು ಕಾಲೂ ಒಂದೇ ಏಟಿಗೆ ಕುಣಿಯುವುದು ಕಣ್ಣಿಗೆ ಕಾಣುತ್ತದೆ. 2023ರ ಆಸ್ಕರ್ ಬಂದಿದ್ದು ಹಾಡಿಗೆ, ನಿಜ. ಆದರೆ ಊರೂರಲ್ಲಿ ಮಕ್ಕಳು ಕಲಿತಿದ್ದು ಆ ಕಾಲುಗಳನ್ನು. ನಮ್ಮ ಅಪ್ಪು ಕುಣಿದಾಗ ಥಿಯೇಟರಲ್ಲಿ ಶಿಳ್ಳೆ ಬೀಳುತ್ತಿದ್ದುದೂ ಅದಕ್ಕೇ. ಕಾಲು ಕಾಣುತ್ತಿತ್ತು.

ಎಡಿಟಿಂಗ್ ಮಾಡುವ ಗೆಳೆಯನೊಬ್ಬ ಹೇಳುತ್ತಾನೆ, ಈಗಿನವರಿಗೆ ತಾಳ್ಮೆ ಇಲ್ಲ, ಕಟ್ ಜಾಸ್ತಿ ಬೇಕು ಅಂತ. ಸುಮ್ನೆ ಮಾತು. ಈಗಿನವರು ದಿನವಿಡೀ ನೋಡುವ ರೀಲ್ಸ್‌ನಲ್ಲಿ ಏನಿದೆ? ಹುಡುಗಿಯೊಬ್ಬಳು ಫೋನನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಕುಣಿಯುತ್ತಾಳೆ. ಒಂದೇ ಶಾಟ್, ಇಡೀ ಮೈ. ಲಕ್ಷಗಟ್ಟಲೆ ಜನ ನೋಡುತ್ತಾರೆ. ಹೀರೋಗೆ ಕುಣಿಯಲು ಬರದಿದ್ದರೆ ನಡೆಸಿ, ಚೆನ್ನಾಗಿಯೇ ಕಾಣುತ್ತಾನೆ. ಅವನೊಬ್ಬನಿಗಾಗಿ ಹಿಂದಿನವರ ಕಾಲನ್ನೆಲ್ಲ ಕತ್ತರಿಸಬೇಡಿ.

ಇಷ್ಟು ದಿನ ಯಾರಿಗೂ ಹೇಳಿರದ ಒಂದು ವಿಷಯ. ಇಪ್ಪತ್ತನೇ ವಯಸ್ಸಿನಲ್ಲಿ ನಾನೂ ಒಂದು ಹಾಡಿಗೆ ಗ್ರೂಪಿನಲ್ಲಿ ಕುಣಿದಿದ್ದೆ. ಮೂರು ದಿನ, ಬಿಸಿಲಲ್ಲಿ, ಕಾದ ಕಲ್ಲಿನ ಮೇಲೆ. ಪಾದದಲ್ಲಿ ಬೊಬ್ಬೆ ಎದ್ದಿತ್ತು. ಸಿನಿಮಾ ಬಂದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಹಾಡು ಮುಗಿಯುವವರೆಗೂ ಅಮ್ಮ ಪರದೆಯಲ್ಲಿ ನನ್ನನ್ನು ಹುಡುಕುತ್ತಲೇ ಇದ್ದಳು. ಒಂದು ಕಡೆ ನನ್ನ ಮೊಣಕೈ ಬಂದು ಹೋಯಿತು. ಅದನ್ನು ಅವಳಿಗೆ ತೋರಿಸಲು ಮನಸ್ಸಾಗಲಿಲ್ಲ.

ನಿನ್ನೆಯ ಹಾಡಿನಲ್ಲಿ ಕೊನೇ ಸಾಲಿನ ಬಲಗಡೆ ಒಬ್ಬಳು ಹುಡುಗಿ ಇದ್ದಳು. ಎಂಥಾ ಅರೆಮಂಡಿ! ಅರ್ಧ ಸೆಕೆಂಡ್ ಕಂಡಳು, ಕಟ್ ಆಯಿತು. ಇವತ್ತು ಸಂಜೆಗೆ ಮತ್ತೆ ಟಿಕೆಟ್ ತೆಗೆದುಕೊಂಡಿದ್ದೇನೆ. ಅವಳನ್ನು ನೋಡಬೇಕು.