ಲೆಕ್ಕ ಶುರುವಾಗೋದು ಎಲ್ಲಿಂದ?

ಅಣ್ಣನಿಗೆ 42ಕ್ಕೇ ಶುಗರ್ ಬಂತು. ಕಡ್ಡಿ ಹಾಗಿರೋ ಆಳು. ನೋಡೋಕೆ ಬಂದವರೆಲ್ಲ ಕೇಳಿದ್ದು ಒಂದೇ, "ಇವನಿಗೆ ಎಲ್ಲಿಂದ ಬಂತು?" ಒಬ್ಬರು ಅನ್ನ ಬಿಡು ಅಂದ್ರು, ಇನ್ನೊಬ್ಬರು ವಾಕಿಂಗ್ ಹೋಗು ಅಂದ್ರು, ಅತ್ತೆ ಅವನ ಟೀ ಲೋಟವನ್ನೇ ದುರುಗುಟ್ಟಿ ನೋಡಿದ್ರು. ಯಾರದ್ದೂ ತಪ್ಪಲ್ಲ. ಆದ್ರೆ ನಾವು ಲೆಕ್ಕ ಶುರು ಮಾಡೋದೇ ನಲವತ್ತರಿಂದ, ತಾಯಿ ಹೊಟ್ಟೆಯಿಂದ ಅಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆಯಲ್ಲ, ನಮಗೆಲ್ಲ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡ್ತಿದ್ರು. ಆ ಹಳೇ ದಾಖಲೆ ಹಿಡಿದು ಸಂಶೋಧಕರು 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಜನರನ್ನ ಪತ್ತೆಹಚ್ಚಿ ಪರೀಕ್ಷೆ ಮಾಡಿದ್ರು. 1996ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಮೀರದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ಬರೀ 3.

ಹಾಗಂತ ಬಸುರಿಗೆ ತುಪ್ಪ ಸುರಿದು ಗುಂಡುಗುಂಡಾದ ಮಗು ಹೆತ್ತರೆ ಆಯ್ತು ಅಂದುಕೋಬೇಡಿ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದವರಲ್ಲಿ ಶುಗರ್ ಹೆಚ್ಚು ಕಂಡಿದ್ದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ಮೈತೂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸುರಿನಲ್ಲೇ ಶುಗರ್ ಇದ್ದಿರಬಹುದು ಅಂತ ಸಂಶೋಧಕರ ಊಹೆ.

ಪುಣೆಯ ಶುಗರ್ ಸಂಶೋಧಕ ಡಾ. ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳಲ್ಲಿ ಕಂಡದ್ದು ಇನ್ನೊಂದು ಬಗೆ. ಕೂಸುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5. ನಮ್ಮವಕ್ಕೆ ಮಾಂಸಖಂಡ ಸೊರಗಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚೇನೂ ಕರಗಿರಲಿಲ್ಲ. ಸಣಕಲು ಮೈ, ಒಳಗೆ ಕೊಬ್ಬು. "ಕಡ್ಡಿ ಹಾಗಿದ್ದಾನೆ, ಇವನಿಗೆಲ್ಲಿಂದ" ಅನ್ನೋವಾಗ ನನಗೆ ಇದೇ ನೆನಪಾಗೋದು.

ಅಮ್ಮನನ್ನ ಕೇಳಿದೆ, ಅಣ್ಣ ಹುಟ್ಟಿದಾಗ ತೂಕ ಎಷ್ಟಿತ್ತು ಅಂತ. "ಮನೇಲಿ ಹುಟ್ಟಿದವನನ್ನ ಯಾರೋ ತೂಗ್ತಾರೆ!" ಅಂತ ನಕ್ಕರು. ಮಗು ಬೆಳೆದುಬಿಟ್ರೆ ಹೆರಿಗೆ ಕಷ್ಟ ಅಂತ ಅಜ್ಜಿ ಏಳನೇ ತಿಂಗಳಿಂದ ಕಡಿಮೆ ಬಡಿಸ್ತಿದ್ರಂತೆ. ಮನೆಮಂದಿಯೆಲ್ಲ ಉಂಡಾದ ಮೇಲೆ ಅಮ್ಮನ ಸರದಿ. ಸಾರಿನ ತಳದಲ್ಲಿ ಬೇಳೆ ಉಳಿದಿದ್ದರೆ ಉಂಟು. ಅಣ್ಣನ ಶುಗರ್ ಅಲ್ಲಿಂದಲೇ ಬಂತು ಅಂತ ನಾನು ಹೇಳ್ತಿಲ್ಲ, ಸೋದರಮಾವನಿಗೂ ಇದೆ. ಆದ್ರೆ ಆ ತಟ್ಟೆಯನ್ನ ಲೆಕ್ಕಕ್ಕೇ ಹಿಡಿಯಲ್ಲ ಅಂದ್ರೆ ಹೇಗೆ?

ಕಾಲ ಬದಲಾಗಿದೆ ಅನ್ನೋರಿಗೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನಾವೋ ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಅಂತ ಕಿತ್ತಾಡ್ತೀವಿ. ತಿನ್ನದ ಮಗುವಿಗೆ ಬಾಳೆಹಣ್ಣು ಇದ್ದೇ ಇದೆ. ತಿನ್ನೋ ಮಗುವಿನ ಮೊಟ್ಟೆಗೆ ಅಡ್ಡಗಾಲು ಹಾಕೋರಲ್ಲಿ ಹೆಚ್ಚಿನವರು ಹೊಟ್ಟೆ ತುಂಬಿದವರೇ. ಇದನ್ನ ಹೇಳಿದ್ದಕ್ಕೆ ಯಾರಾದ್ರೂ ಅನ್‌ಫ್ರೆಂಡ್ ಮಾಡಿದ್ರೆ ಮಾಡಲಿ.

ಅಣ್ಣನ ಮಗಳಿಗೆ 17. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಕಾಲೇಜಿಗೆ ಓಡ್ತಾಳೆ. ಮೆಟ್ಟಿಲು ಹತ್ತಿದ್ರೆ ಏದುಸಿರು. ಮನೆಯಲ್ಲಿ ಎಲ್ಲರ ಕಣ್ಣೂ ಈಗ ಅಣ್ಣನ ತಟ್ಟೆ ಮೇಲೆ, ಎಷ್ಟು ಅನ್ನ, ಎಷ್ಟು ಚಪಾತಿ ಅಂತ. ಅವಳದ್ದೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂದೆ.

"ಅವಳಿಗೇನಾಗಿದೆ?" ಅಂದ್ರು ಅತ್ತಿಗೆ.