ಪರದೆಯ ಹಿಂಬದಿಯಿಂದ ಕಂಡ ನಾಯಕ

ಪುಣೆಯ ಕೋಥ್ರೂಡಿನಲ್ಲಿ ನಾವಿರುವ ವಸತಿ ಸಂಕೀರ್ಣದಲ್ಲಿ ಗಣೇಶ ಹಬ್ಬದ ಒಂದು ರಾತ್ರಿ ಹಳೆಯ ಮರಾಠಿ ಚಿತ್ರ ಹಾಕುವ ರೂಢಿಯಿದೆ. ಹೆಚ್ಚಿನ ವರ್ಷಗಳಲ್ಲಿ ಅದು ‘ಅಶೀ ಹೀ ಬನವಾಬನವೀ’ಯೇ ಆಗಿರುತ್ತದೆ. 1988ರ ಚಿತ್ರ. ಇರಲು ಮನೆ ಸಿಗದ ನಾಲ್ವರು ಗೆಳೆಯರು, ಅವರಲ್ಲಿ ಇಬ್ಬರಿಗೆ ಹೆಣ್ಣುವೇಷ ಹಾಕಿಸಿ ಪುಣೆಯಲ್ಲಿ ಬಾಡಿಗೆ ಮನೆ ಗಿಟ್ಟಿಸುವ ಕಥೆ. ಕಳೆದ ಸಲ ನನ್ನ ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ಕುಳಿತಿದ್ದಳು. ಅಶೋಕ್ ಸರಾಫ್ ಬಾಯಿ ತೆರೆಯುವ ಮೊದಲೇ ಮಾತು ಅವಳ ಬಾಯಿಂದ ಬರುತ್ತಿತ್ತು. ಮುಂದಿನ ಮಾತನ್ನು ಅವಳ ಅಜ್ಜಿ, ನಾವೆಲ್ಲ ಕಾಕು ಎಂದು ಕರೆಯುವವರು, ಪೂರ್ತಿ ಮಾಡುತ್ತಿದ್ದರು. ಲಕ್ಷ್ಮೀಕಾಂತ್ ಬೇರ್ಡೆ ಸೀರೆಯುಟ್ಟು ಬಂದಾಗ ಇಡೀ ಅಂಗಳ ಹೊಸದಾಗಿ ನೋಡಿದವರಂತೆ ನಕ್ಕಿತು. ಬೇರ್ಡೆ ತೀರಿಕೊಂಡದ್ದು 2004ರಲ್ಲಿ. ಆ ಹುಡುಗಿಗೆ ಆತ ಲಕ್ಷ್ಯಾ, ಎದುರುಮನೆಯಲ್ಲೇ ಇರುವ ಯಾರೋ ಒಬ್ಬನ ಹಾಗೆ.

ನಾನು ಹುಬ್ಬಳ್ಳಿಯವನು, ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಕಳೆದಿವೆ. ಅಂದು ರಾತ್ರಿ ನಕ್ಕು ಮನೆಗೆ ಬಂದ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮೂರಿನ ಎಂಟು ವರ್ಷದ ಮಗುವಿಗೆ ಹೀಗೆ ಬಾಯಿಗೆ ಬರುವ ಹಳೆಯ ಕನ್ನಡ ಚಿತ್ರ ಯಾವುದಿದೆ?

ಪ್ರೀತಿಗೆ ನಮ್ಮಲ್ಲಿ ಕೊರತೆಯಿಲ್ಲ. ಹುಬ್ಬಳ್ಳಿಯಲ್ಲಿ ಆಟೋ ಹತ್ತಿದರೆ ಹಿಂಬದಿಯ ಗಾಜಿನಲ್ಲಿ ಶಂಕರ್‌ನಾಗ್ ಇರುತ್ತಾರೆ. ಕ್ಷೌರದ ಅಂಗಡಿಯ ಕನ್ನಡಿಯ ಮೇಲೆ ರಾಜ್‌ಕುಮಾರ್, ಅವರ ಪಕ್ಕದಲ್ಲಿ ವಿಷ್ಣುವರ್ಧನ್. ನವೆಂಬರ್ ಬಂತೆಂದರೆ ಓಣಿ ಓಣಿಯಲ್ಲಿ ಅವರ ಚಿತ್ರಗಳಿಗೆ ಹಾರ ಬೀಳುತ್ತದೆ. ಆದರೆ ಹಾರ ಹಾಕಿದ ಹುಡುಗರನ್ನು ಕೂಡಿಸಿಕೊಂಡು ಕೇಳಿದರೆ ಅವರಲ್ಲಿ ಅನೇಕರು ಆ ನಟರ ಮೂರು ಚಿತ್ರಗಳನ್ನೂ ಪೂರ್ತಿ ನೋಡಿರುವುದಿಲ್ಲ. ಮರಾಠಿಗರು ತಮ್ಮ ನಟರನ್ನು ಮನೆಯ ನಡುಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ, ನಾವು ದೇವರ ಜಗುಲಿಯ ಮೇಲೆ ಕೂಡಿಸಿದ್ದೇವೆ. ಈ ಎರಡರಲ್ಲಿ ಮೊದಲನೆಯದೇ ಹೆಚ್ಚಿನ ಪ್ರೀತಿ ಎಂದು ನನಗೆ ಈಗ ಅನಿಸುತ್ತದೆ.

ನಾವೂ ಒಂದು ಕಾಲಕ್ಕೆ ಹಾಗೆಯೇ ನೋಡಿದವರು. ನನ್ನ ಬಾಲ್ಯದಲ್ಲಿ, ಗಣಪತಿ ಕೂಡಿಸಿದ ಓಣಿಯಲ್ಲಿ ಎರಡು ಕಂಬಗಳ ನಡುವೆ ಬಿಳಿ ಬಟ್ಟೆ ಕಟ್ಟಿ ರಾತ್ರಿ ಚಿತ್ರ ತೋರಿಸುತ್ತಿದ್ದರು. ಮುಂಬದಿಯಲ್ಲಿ ಹೆಂಗಸರು, ಹಿರಿಯರು ಜಮಖಾನೆ ಹಾಸಿಕೊಂಡು ಕೂಡುತ್ತಿದ್ದರು. ಜಾಗ ಸಿಗದ ಹುಡುಗರು ಬಟ್ಟೆಯ ಹಿಂಬದಿಗೆ ಹೋಗುತ್ತಿದ್ದೆವು. ಅಲ್ಲಿಂದ ಎಲ್ಲವೂ ತಿರುವುಮುರುವು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದವು. ‘ಜೇಡರ ಬಲೆ’ಯನ್ನು ನಾನು ಮೊದಲು ನೋಡಿದ್ದು ಹಾಗೆ, ಬಟ್ಟೆಯ ಹಿಂದೆ ಮಣ್ಣಿನಲ್ಲಿ ಕುಳಿತು. ನನ್ನ ರಾಜ್‌ಕುಮಾರ್ ಎಡಗೈಯಲ್ಲಿ ಪಿಸ್ತೂಲು ಹಿಡಿಯುತ್ತಿದ್ದರು. ಎಷ್ಟೋ ವರ್ಷಗಳ ನಂತರ ದೂರದರ್ಶನದಲ್ಲಿ ಅದೇ ಚಿತ್ರ ಬಂದಾಗ ಪಿಸ್ತೂಲು ಬಲಗೈಯಲ್ಲಿತ್ತು. ಯಾರೋ ಬೇರೆಯವರನ್ನು ನೋಡಿದಂತಾಗಿ ಮನಸ್ಸಿಗೆ ಕಸಿವಿಸಿಯಾಯಿತು.

ಆ ಚಿತ್ರವನ್ನು ಇತ್ತೀಚೆಗೆ ಮತ್ತೆ ನೋಡಿದೆ. 1968ರಲ್ಲಿ ದೊರೈ-ಭಗವಾನ್ ನಿರ್ದೇಶಿಸಿದ್ದು. ಲೋಹವನ್ನು ಬಂಗಾರ ಮಾಡುವ ಸೂತ್ರದ ಬೆನ್ನು ಹತ್ತಿದ ದುಷ್ಟರು, ಅವರನ್ನು ಬೆನ್ನಟ್ಟುವ ಸಿಐಡಿ 999. ಕಥೆ ತೆಳುವಾಗಿದೆ, ಕೇಡಿಗಳ ಅಡಗುದಾಣಗಳು ರಟ್ಟಿನವೆಂದು ಗೊತ್ತಾಗುತ್ತದೆ. ಆದರೂ ನಾನು ಒಮ್ಮೆಯೂ ಎದ್ದು ಹೋಗಲಿಲ್ಲ. ಕಿರೀಟ ಮತ್ತು ಗದೆಗಳಲ್ಲಿ ಹೆಸರು ಮಾಡಿದ ಮನುಷ್ಯ ಮೂವತ್ತೊಂಬತ್ತರ ಆಸುಪಾಸಿನಲ್ಲಿ ಸೂಟು ತೊಟ್ಟು ಬರುತ್ತಾರೆ. ಹೊರದೇಶದ ಬೇಹುಗಾರನ ವೇಷ, ಆದರೆ ನಡೆಯಲ್ಲಿ ಮನೆಯ ಹಿರಿಯಣ್ಣನ ಮರ್ಯಾದೆ. ಕಂಪನಿ ನಾಟಕದ ರಂಗದಲ್ಲಿ ಪಳಗಿದ ದನಿ, ಕೊನೆಯ ಸಾಲಿನವನಿಗೂ ತಲುಪುವ ಹಾಗೆ ಪ್ರತಿ ಅಕ್ಷರಕ್ಕೂ ಉಸಿರು ಕೊಡುತ್ತದೆ. ಕಂಪನಿ ನಾಟಕವನ್ನು ಎದೆಯಲ್ಲಿಟ್ಟುಕೊಂಡ ಗದಗ, ಹುಬ್ಬಳ್ಳಿಗಳ ಜನಕ್ಕೆ ಆ ಉಸಿರಿನ ಗುರುತು ಬೇಗ ಹತ್ತಿತೆಂದು ನಾನು ನಂಬುತ್ತೇನೆ. ಅವರ ಕನ್ನಡ ನಮ್ಮ ಕಡೆಯ ಕನ್ನಡವಾಗಿರಲಿಲ್ಲ. ನಮ್ಮ ಕಡೆಯ ಮಾತನ್ನು ಬಹುಕಾಲ ಚಿತ್ರಗಳಲ್ಲಿ ನಗಿಸುವ ಆಳುಗಳ ಬಾಯಿಗೆ ಹಾಕಿದ್ದರು, ಅದರ ನೋವು ನನಗೆ ಇಂದಿಗೂ ಇದೆ. ಅಷ್ಟಾದರೂ ನಮ್ಮ ಓಣಿ ಈ ನಾಯಕನನ್ನು ತನ್ನವನೆಂದಿತು.

ನಾಯಕನ ಸೆಳೆತಕ್ಕಾಗಿಯೇ ಒಂದು ಸಾಹಸ ಚಿತ್ರ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ‘ಒಂದಾನೊಂದು ಕಾಲದಲ್ಲಿ’. ಇದು 1978ರ ಚಿತ್ರ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ನಿರ್ದೇಶಿಸಿದ್ದು. ಕಾರ್ನಾಡರು ಅದಕ್ಕೆ ಕೆಲವೇ ವರ್ಷ ಮೊದಲು ಇಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು, ಸಂಗೀತ ಕೊಟ್ಟ ಭಾಸ್ಕರ ಚಂದಾವರಕರರೂ ಪುಣೆಯವರು. ಹಾಗಾಗಿ ನನ್ನ ಎರಡೂ ಊರುಗಳು ಸೇರಿ ಹೆತ್ತ ಚಿತ್ರ ಅದೆಂದು ನಾನು ಎಣಿಸುತ್ತೇನೆ. ಹೋದ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಸೋದರಮಾವನ ಮನೆಯ ಟಿ.ವಿ.ಗೆ ಮೊಬೈಲ್ ಜೋಡಿಸಿ ಅದನ್ನು ಹಾಕಿದೆ. ಮಾವ, ಅತ್ತೆ, ಎಂಜಿನಿಯರಿಂಗ್ ಓದುವ ಅವರ ಮೊಮ್ಮಗಳು. ಮೊಮ್ಮಗಳಿಗೆ ಶಂಕರ್‌ನಾಗ್ ಎಂದರೆ ಆಟೋದ ಹಿಂದಿನ ಚಿತ್ರ, ಅಷ್ಟೇ.

ಚಿತ್ರದಲ್ಲಿ ಕೂಲಿಗಾಗಿ ಕಾದುವ ಇಬ್ಬರು ಯೋಧರು, ಬೇರೆ ಬೇರೆ ಒಡೆಯರ ಕಡೆ. ಒಬ್ಬ ಸುಂದರಕೃಷ್ಣ ಅರಸ್, ಕಲ್ಲಿನಂಥ ಮೈ, ಬಾವಿಯೊಳಗಿಂದ ಬಂದಂಥ ದನಿ. ಇನ್ನೊಬ್ಬ ಶಂಕರ್‌ನಾಗ್. ಆಗಿನ್ನೂ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗ, ತೆಳ್ಳನೆಯ ಮೈ, ತೋಳಿನಲ್ಲಿ ಹೇಳಿಕೊಳ್ಳುವಂಥ ದಪ್ಪವಿಲ್ಲ. ಎದುರಾಳಿಯ ಭಾರದ ಮುಂದೆ ಆತ ನಿಲ್ಲುವುದು ಹಗುರದಿಂದ. ಹೊಡೆತ ಬೀಳುವ ಮೊದಲೇ ಅದನ್ನು ಲೆಕ್ಕ ಹಾಕಿ ಮುಗಿಸಿದವನ ನಿರಾಳ ಆತನ ಕಣ್ಣಿನಲ್ಲಿರುತ್ತದೆ. ಕತ್ತಿ ಬೀಸುವಾಗಲ್ಲ, ಸುಮ್ಮನೆ ಇರುವಾಗ ಆತನನ್ನು ನೋಡಬೇಕು. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟನ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಅರ್ಧ ಚಿತ್ರದ ಹೊತ್ತಿಗೆ ಮೊಮ್ಮಗಳು ಮೊಬೈಲ್ ನೋಡುವುದನ್ನು ಬಿಟ್ಟಿದ್ದಳು. ‘ಇವರು ಇಷ್ಟು ಚಿಕ್ಕವರಿದ್ದರೇ?’ ಎಂದು ಕೇಳಿದಳು. ಮಾವ ಉತ್ತರ ಕೊಡಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿಯ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡಾಗಲೂ ವಯಸ್ಸು ಮೂವತ್ತೈದು. ಆ ಹೆದ್ದಾರಿಯಲ್ಲಿ ಬಸ್ ಹಾಯುವಾಗ ಮಾವ ಈಗಲೂ ಕಿಟಕಿಯ ಹೊರಗೆ ನೋಡುತ್ತಾರೆ.

ಶಂಕರ್‌ನಾಗ್ ಮತ್ತು ಅವರ ಅಣ್ಣ ಅನಂತ್‌ನಾಗ್ ನನ್ನಂಥವರಿಗೆ ಇನ್ನೂ ಒಂದು ಕಾರಣಕ್ಕೆ ಹತ್ತಿರದವರು. ಇಬ್ಬರೂ ಮುಂಬೈಯ ರಂಗಭೂಮಿಯಲ್ಲಿ ಬೆಳೆದು ಕರ್ನಾಟಕಕ್ಕೆ ಮರಳಿದವರು, ಹೊರನಾಡ ಕನ್ನಡಿಗರಾಗಿಯೇ ನಟನೆ ಕಲಿತವರು. ಪುಣೆಯ ಕ್ರಾಂತಿಕಾರಿಗಳಾದ ಚಾಪೇಕರ್ ಸಹೋದರರ ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಶಂಕರ್‌ನಾಗ್ ಪಾಲಿತ್ತು. ನಮ್ಮ ಕಾಕುವಿಗೆ ಇದನ್ನು ಹೇಳಿದಾಗ ಅವರು ಚಕಿತರಾಗಿ, ಹಾಗಾದರೆ ಅವರು ನಮ್ಮವರೂ ಹೌದು ಎಂದರು. ನನಗೆ ಬಹಳ ಸಂತೋಷವಾಯಿತು.

ಆ ಸಂತೋಷದಲ್ಲೇ ಕಾಕುವಿನ ಮನೆಯಲ್ಲಿ ‘ಗಣೇಶನ ಮದುವೆ’ ಹಾಕಿದೆ. ಫಣಿ ರಾಮಚಂದ್ರ ಅವರ 1990ರ ಚಿತ್ರ. ಅಲ್ಲಿಯೂ ಬಾಡಿಗೆ ಮನೆಗಳ ಪಾಡು, ಒಂದು ವಠಾರ, ಒಬ್ಬ ಮಾಲೀಕ. ವಠಾರದಲ್ಲಿ ದಿನವೂ ಜಗಳವಾಡುವ ಹುಡುಗಿಯೇ ತಾನು ಮನಸಾರೆ ಮೆಚ್ಚಿದ ಹಾಡುಗಾರ್ತಿ ಎಂಬುದು ಅನಂತ್‌ನಾಗ್‌ಗೆ ತಿಳಿದಿರುವುದಿಲ್ಲ. ನಾನು ಮರಾಠಿಯಲ್ಲಿ ಅರ್ಥ ಹೇಳುತ್ತ ಹೋದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಕಾಕು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಭಾಷೆ ಬೇಕಾಗಿರಲಿಲ್ಲ. ಅನಂತ್‌ನಾಗ್ ನಗಿಸಲು ಹೊರಟವರ ಹಾಗೆ ಎಂದೂ ಕಾಣುವುದಿಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂದಿದೆ, ನಿಜವಾಗಿ ಅವಮಾನವಾಗಿದೆ, ನಿಜವಾಗಿ ಪ್ರೀತಿ ಹುಟ್ಟಿದೆ. ಹುಬ್ಬೇರಿಸಿ ಅರೆಗಳಿಗೆ ತಡೆದು ಮಾತಾಡುವ ಆ ಒಂದು ನಿಲುಗಡೆಯಲ್ಲೇ ನಗು ಹುಟ್ಟುತ್ತದೆ. ಸರಾಫ್ ಅವರದೂ ಇದೇ ಗುಣ ಎಂದು ಕಾಕು ಹೇಳಿದರು. ಮೂವತ್ತು ವರ್ಷ ಬರೀ ಒಬ್ಬ ನಟನನ್ನು ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಅಷ್ಟು ಬೇಗ ಅದು ಕಾಣುತ್ತದೆ.

ಹಳೆಯದೆಲ್ಲ ಚೆನ್ನ ಎಂದು ನಾನು ಹೇಳಲಾರೆ. ಆ ಕಾಲದ ಅನೇಕ ಹಾಸ್ಯ ಚಿತ್ರಗಳಲ್ಲಿ ದಪ್ಪಗಿದ್ದವರನ್ನು, ತೊದಲುವವರನ್ನು ಕಂಡು ನಗುತ್ತಾರೆ. ನಾಯಕ ಹೆಂಡತಿಯ ಕೆನ್ನೆಗೆ ಹೊಡೆದರೆ ಅದು ಗಂಡಸುತನವಾಗುತ್ತದೆ. ಮಕ್ಕಳ ಜೊತೆ ನೋಡುವಾಗ ಅಂಥ ಕಡೆ ನಿಲ್ಲಿಸಿ, ಇದು ತಪ್ಪು ಎಂದು ಹೇಳುತ್ತೇನೆ, ಮತ್ತೆ ಮುಂದುವರಿಸುತ್ತೇನೆ.

ನೋವಾಗುವುದು ನಮಗೆ ಸಿಗುವ ಪ್ರತಿಗಳನ್ನು ನೋಡಿದಾಗ. ಮೊಬೈಲಿನಲ್ಲಿ ನನಗೆ ಸಿಕ್ಕ ಅನೇಕ ಹಳೆಯ ಕನ್ನಡ ಚಿತ್ರಗಳಲ್ಲಿ ಅಂಚು ಕತ್ತರಿಸಿ ನಾಯಕನ ಹಣೆ ಹೋಗಿರುತ್ತದೆ, ಬಣ್ಣ ಕೆಂಪಿಗೆ ತಿರುಗಿರುತ್ತದೆ. ಮೂಲೆಯಲ್ಲಿ ಹಾಕಿದ ವಾಹಿನಿಯ ಲಾಂಛನ ಯಾವುದೋ ನಟಿಯ ಮುಖದ ಮೇಲೇ ಕುಳಿತಿರುತ್ತದೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವುದು ನಮ್ಮ ಪುಣೆಯಲ್ಲೇ. ಅದರ ಮುಂದಿನಿಂದ ಹೋಗುವಾಗಲೆಲ್ಲ ನಮ್ಮ ಕನ್ನಡ ರೀಲುಗಳ ನೆನಪಾಗುತ್ತದೆ. ನಟನ ಹುಟ್ಟುಹಬ್ಬಕ್ಕೆ ಕಟೌಟು ಕಟ್ಟುವ ಹಣದಲ್ಲಿ ಒಂದು ಪಾಲನ್ನು ಆತನ ಒಂದು ಚಿತ್ರವನ್ನು ಶುಚಿಗೊಳಿಸಲು ನಮ್ಮ ಅಭಿಮಾನಿ ಸಂಘಗಳು ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಅದಾಗುವವರೆಗೆ ಸಿಕ್ಕ ಪ್ರತಿಯನ್ನೇ ಓಣಿಯಲ್ಲಿ ಬಟ್ಟೆ ಕಟ್ಟಿ ಹಾಕಲಿ.

ಈ ಸಲ ಗಣಪತಿಗೆ ನಾನು ಪುಣೆಯಲ್ಲಿ ಇರುವುದಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಯವರೊಂದಿಗೆ ಮಾತಾಡಿದ್ದೇನೆ, ಕಂಬಗಳು ಇನ್ನೂ ಇವೆ, ಬಟ್ಟೆ ನಾನು ಒಯ್ಯುತ್ತೇನೆ. ಮಾವನ ಮೊಮ್ಮಗಳು ಗೆಳತಿಯರನ್ನು ಕರೆದುಕೊಂಡು ಬರುತ್ತಾಳಂತೆ. ಬಟ್ಟೆಯ ಹಿಂಬದಿಯಲ್ಲಿಯೂ ಜಮಖಾನೆ ಹಾಸಬೇಕೆಂದು ಹೇಳಿದ್ದೇನೆ.