ಎರಡು ಬೆಡ್‌ರೂಮಿಗೆ ಮೂರು ಬಚ್ಚಲು

ಒರ್ಲ್ಯಾಂಡೊದ ಡಿಸ್ನಿ ವಿಲ್ಲಾದಲ್ಲಿ ಅಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ಬಚ್ಚಲುಮನೆ. ಒಳಗೆ ಕಾಲಿಟ್ಟವರೇ ಒಂದೊಂದೇ ಬಾಗಿಲು ತೆಗೆದು ನೋಡುತ್ತಾ ಹೋದರು. ದೊಡ್ಡ ಬೆಡ್‌ರೂಮಿಗೆ ಒಂದು, ಎರಡನೇ ಬೆಡ್‌ರೂಮಿಗೆ ಒಂದು. ಆಮೇಲೆ ಹಾಲ್ ಕಡೆಯಿಂದ "ಇಲ್ಲೂ ಒಂದಿದೆ ಕಣೋ!" ಅಂತ ಕೂಗಿದರು. ಅಷ್ಟೊಂದು ಸಂಭ್ರಮ ಯಾಕೆ ಅಂತ ನಮ್ಮ ಮನೆಯವರಿಗೆಲ್ಲ ಗೊತ್ತು. ಅಪ್ಪ ಬೆಳಗ್ಗೆ ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ. ಉಳಿದವರು ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯಬೇಕು.

ನಾವಿರುವುದು ಅಟ್ಲಾಂಟಾ ಹತ್ತಿರ. ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅಕ್ಕ, ಭಾವ, ಅವರ ಮಗಳು ನ್ಯೂಜೆರ್ಸಿಯಿಂದ ವಿಮಾನದಲ್ಲಿ ಬಂದರು. ನಾವು ಕಾರಿನ ಡಿಕ್ಕಿಯಲ್ಲಿ ಕುಕ್ಕರ್, ಅಕ್ಕಿ, ಸಾರಿನ ಪುಡಿ, ಸ್ಟೀಲ್ ಕಾಫಿ ಫಿಲ್ಟರ್, ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಮಗ್ ತುಂಬಿಕೊಂಡು ಹೊರಟೆವು. ಎಲ್ಲ ಸೇರಿ ಒಂಬತ್ತು ಜನ. ಆ ವಿಲ್ಲಾದಲ್ಲಿ ಉಳಿಯಲು ಬಿಡುವುದೂ ಒಂಬತ್ತು ಜನರನ್ನೇ.

ಇದು ಅನಿಮಲ್ ಕಿಂಗ್‌ಡಮ್ ವಿಲ್ಲಾಸ್‌ನ ಕಿಡಾನಿ ವಿಲೇಜ್. 2009ರಲ್ಲಿ ಶುರುವಾದದ್ದು. ಟೈಮ್‌ಶೇರ್ ಲೆಕ್ಕದ್ದು, ಅಂದರೆ ಡಿಸ್ನಿ ವೆಕೇಶನ್ ಕ್ಲಬ್ಬಿನ ಮೆಂಬರುಗಳು ಪಾಯಿಂಟ್ ಕೊಂಡುಕೊಂಡು, ಪ್ರತಿ ವರ್ಷ ಆ ಪಾಯಿಂಟ್ ಖರ್ಚು ಮಾಡಿ ಬಂದು ಉಳಿಯುವ ಜಾಗ. ನಾವು ಮೆಂಬರುಗಳಲ್ಲ. ಒಬ್ಬ ಮೆಂಬರಿನಿಂದ ಆ ವರ್ಷದ ಪಾಯಿಂಟ್‌ಗಳನ್ನು ಬಾಡಿಗೆಗೆ ತಗೊಂಡೆವು. ಹಾಗೆ ಮಾಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಾಲ್‌ಗೆ ಸೇರಿದ ಹಾಗೇ ಅಡಿಗೆಮನೆ, ಊಟದ ಮೇಜು. ಒಲೆ, ಓವನ್, ದೊಡ್ಡ ಫ್ರಿಜ್, ತಟ್ಟೆ, ಲೋಟ, ಪಾತ್ರೆ ಎಲ್ಲ ಅವರದೇ. ಬಟ್ಟೆ ಒಗೆಯುವ ಮಷಿನ್, ಒಣಗಿಸುವ ಮಷಿನ್ ಮನೆಯೊಳಗೇ. ಬೆಡ್‌ರೂಮುಗಳಿಗೆ ಸರಿಯಾಗಿ ಮುಚ್ಚುವ ಬಾಗಿಲು. ಹಾಲಿನ ಸೋಫಾ ಎಳೆದರೆ ಇಬ್ಬರಿಗೆ ಮಂಚ, ಕುರ್ಚಿ ಎಳೆದರೆ ಒಬ್ಬರಿಗೆ ಹಾಸಿಗೆ. ಬಾಲ್ಕನಿಯಾಚೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ, ಆಫ್ರಿಕಾದ ಅಂಕೋಲೆ ದನಗಳು. ಆ ದನಗಳ ಕೋಡು ನೋಡಿ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. "ಹಳ್ಳಿಕಾರ್ ಕೋಡೇ ದೊಡ್ಡದು ಅಂದ್ಕೊಂಡಿದ್ದೆ, ಇದೇನಪ್ಪಾ ಇದು, ತೋಳಿಗಿಂತ ದಪ್ಪ ಇದೆ" ಅಂದರು. ಪಾರ್ಕಿಗೆ ಹೊರಡಿಸಲು ನಾನು ನಾಲ್ಕು ಸಲ ಕರೆಯಬೇಕಾಯಿತು.

ರಾತ್ರಿ ಮಕ್ಕಳು ಪಾರ್ಕ್ ಸುತ್ತಿ ಸುಸ್ತಾಗಿ ಎಂಟಕ್ಕೇ ಮಲಗಿಬಿಡುತ್ತಿದ್ದರು. ಬಾಗಿಲು ಹಾಕಿಕೊಂಡು ನಾವು ದೊಡ್ಡವರು ಹಾಲಿನಲ್ಲಿ ಕೂತು ಹಾಸನದ ಸೈಟಿನ ವಿಷಯ, ಚಿಕ್ಕಪ್ಪನ ಮಗನ ಮದುವೆ, ಯಾರಿಗೆ ಶುಗರ್ ಬಂತು, ಎಲ್ಲ ಮಾತಾಡುತ್ತಿದ್ದೆವು. ಅಕ್ಕ ಮತ್ತು ನಾನು ಒಂದೇ ದೇಶದಲ್ಲಿದ್ದರೂ ಹೀಗೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ವರ್ಷಗಳೇ ಆಗಿದ್ದವು. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ. ಜಿರಾಫೆ ಕೊಸರಾಗಿ ಸಿಕ್ಕಿದ್ದು.

ಇದರ ಹಿಂದಿನ ವರ್ಷ ಊರಿಗೆ ಹೋದಾಗ ಇದೇ ಒಂಬತ್ತು ಜನ ಮಲೆನಾಡಿನ ಒಂದು ರೆಸಾರ್ಟಿಗೆ ಹೋಗಿದ್ದೆವು. ಜಾಗ ಚಿನ್ನದಂಥದ್ದು, ಸುತ್ತ ಕಾಫಿ ತೋಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೂಮು? ಒಂದು ಕಾಟೇಜ್‌ಗೆ ಇಬ್ಬರು. ಮೂರನೆಯವರಿಗೆ ಎಕ್ಸ್‌ಟ್ರಾ ಬೆಡ್. ಆ ಎಕ್ಸ್‌ಟ್ರಾ ಬೆಡ್ ಎಂದರೆ ಮಂಚಕ್ಕೂ ಬಚ್ಚಲ ಬಾಗಿಲಿಗೂ ನಡುವೆ ನೆಲದ ಮೇಲೆ ಹಾಸಿದ ಒಂದು ತೆಳ್ಳನೆಯ ಹಾಸಿಗೆ. ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ಮಲಗಿದ ಮಗನನ್ನು ದಾಟಿಕೊಂಡು ಹೋಗಬೇಕು. ಅಪ್ಪ ಅಮ್ಮನ ಕಾಟೇಜ್ ನಮ್ಮದರಿಂದ ಇಪ್ಪತ್ತು ಕಲ್ಲು ಮೆಟ್ಟಿಲು ಕೆಳಗೆ. ಅಪ್ಪನಿಗೆ ಮೊಣಕಾಲು ನೋವು. ಸಂಜೆ ಎಲ್ಲರೂ ಒಟ್ಟಿಗೆ ಕೂರಬೇಕೆಂದರೆ ಕೂರುವುದು ಎಲ್ಲಿ? ಯಾರದೋ ಮಂಚದ ಮೇಲೆ. ಮಕ್ಕಳು ಹಳ್ಳದಲ್ಲಿ ಆಡಿ ಒದ್ದೆ ಮಾಡಿಕೊಂಡು ಬಂದರೆ ಬಟ್ಟೆ ಒಣಗಿಸಲು ಜಾಗವಿಲ್ಲ. ಕಾಟೇಜ್ ಮುಂದೆ ಒಣಗಿಸಬಾರದು ಅಂತ ಬೋರ್ಡ್ ಬೇರೆ. ಊಟ ರಾತ್ರಿ ಎಂಟೂವರೆಗೆ. ಅಪ್ಪ ಏಳೂವರೆಗೆ ಉಂಡು ಮಾತ್ರೆ ತಗೊಳ್ಳುವವರು. "ಒಂದಿಷ್ಟು ಅನ್ನ ಮೊಸರು ಮೊದಲೇ ಕೊಡ್ತೀರಾ?" ಅಂತ ಕೇಳಿದ್ದಕ್ಕೆ ಆ ಹುಡುಗ ಪಾಪ ಮ್ಯಾನೇಜರಿಗೆ ಫೋನ್ ಮಾಡಿದ. ಮ್ಯಾನೇಜರು ಸಿಗಲಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಅಮೆರಿಕದಲ್ಲಿ ಹದಿನೆಂಟಾದ ಮಕ್ಕಳು ಮನೆ ಬಿಟ್ಟು ಹೋಗುತ್ತಾರೆ ಅಂತ ನಾವು ಮಾತಾಡಿಕೊಳ್ಳುತ್ತೇವೆ. ಅಂಥ ದೇಶದಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಉಳಿಯುವ ಹಾಗೆ ಮನೆ ಕಟ್ಟಿ ಬಾಡಿಗೆಗೆ ಇಟ್ಟಿದ್ದಾರೆ. ಕುಟುಂಬ ಅಂದರೆ ಹತ್ತು ಜನ ಅಂತ ಅಂದುಕೊಂಡಿರುವ ನಮ್ಮೂರಲ್ಲಿ ಮಾತ್ರ ಎಲ್ಲ ರೆಸಾರ್ಟೂ ಹೊಸದಾಗಿ ಮದುವೆಯಾದ ಜೋಡಿಗೆ. ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವಾ? ತೊಟ್ಟಿ ಮನೆಯಲ್ಲಿ ನಡುವೆ ಎಲ್ಲರೂ ಕೂರುವ ಜಾಗ, ಸುತ್ತ ಕೋಣೆಗಳು. ಛತ್ರದಲ್ಲಿ ದೊಡ್ಡ ಹಾಲು, ಜಮಖಾನ, ಹಿಂದೆ ಅಡಿಗೆಗೆ ಜಾಗ. ಅದನ್ನೆಲ್ಲ ಬಿಟ್ಟು ಹೋಟೆಲ್ ರೂಮನ್ನೇ ತಂದು ಕಾಫಿ ತೋಟದ ನಡುವೆ ಇಟ್ಟುಬಿಟ್ಟರು.

ಇನ್ನು ದುಡ್ಡಿನ ವಿಷಯ. ಡಿಸ್ನಿ ಪಾಯಿಂಟ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ಒಂದೇ ರೂಮಿನ ಸ್ಟುಡಿಯೋನೇ ಲಾಭ, ದೊಡ್ಡ ವಿಲ್ಲಾ ದಂಡ ಅಂತ. ಲೆಕ್ಕ ಸರಿಯಾಗೇ ಇದೆ. ಒಂದು ಬೆಡ್‌ರೂಮಿನ ವಿಲ್ಲಾಗೆ ಸ್ಟುಡಿಯೋದ ಹೆಚ್ಚುಕಮ್ಮಿ ಎರಡರಷ್ಟು ಪಾಯಿಂಟ್. ಎರಡು ಬೆಡ್‌ರೂಮಿಗೆ ಮೂರರಷ್ಟರ ಹತ್ತಿರ ಹೋಗುತ್ತದೆ. ಅದೇ ಪಾಯಿಂಟಿಗೆ ಎರಡು ಸ್ಟುಡಿಯೋ ತಗೊಂಡರೂ ಇನ್ನೂ ಉಳಿಯುತ್ತದೆ. ಎರಡು ಬಚ್ಚಲು ಸಿಗುತ್ತವೆ, ಎಂಟು ಜನ ಮಲಗಬಹುದು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಸ್ಟುಡಿಯೋ ಅಂದರೆ ಹೋಟೆಲ್ ರೂಮೇ ಅಲ್ವಾ? ಚಿಕ್ಕ ಫ್ರಿಜ್, ಮೈಕ್ರೋವೇವ್, ಸಿಂಕ್ ಇರುತ್ತದೆ, ಒಲೆ ಇಲ್ಲ. ಮಗು ಮಲಗಿದರೆ ದೀಪ ಆರಿಸಿ ನೀವೂ ಮಲಗಬೇಕು. ಎರಡು ಸ್ಟುಡಿಯೋ ಪಕ್ಕ ಪಕ್ಕ ಸಿಗುತ್ತವೆ ಅಂತಲೂ ಗ್ಯಾರಂಟಿ ಇಲ್ಲ. ಎಲ್ಲರೂ ಕೂರುವ ಹಾಲ್‌ಗೆ ಎಷ್ಟು ಪಾಯಿಂಟ್ ಬೆಲೆ ಅಂತ ಆ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಆದರೆ ಸ್ಟುಡಿಯೋ ಸಾಕು, ಜಗಳವೇ ಇಲ್ಲ. ಇದೇ ಕ್ಲಬ್ಬಿನ ಇನ್ನೊಂದು ರೆಸಾರ್ಟ್ ರಿವಿಯೆರಾದಲ್ಲಿ ಇಬ್ಬರಿಗೆ ಅಂತಲೇ ಟವರ್ ಸ್ಟುಡಿಯೋ ಇದೆ, ಗೋಡೆಯಿಂದ ಕೆಳಗೆ ಎಳೆದುಕೊಳ್ಳುವ ಮಂಚ. ಪಾಲಿನೇಷಿಯನ್ ಅನ್ನುವ ರೆಸಾರ್ಟಿನ 2015ರ ಸ್ಟುಡಿಯೋಗಳಲ್ಲಿ ಬಚ್ಚಲನ್ನೇ ಎರಡು ಮಾಡಿದ್ದಾರೆ, ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಕಾಯುವ ಹಾಗಿಲ್ಲ. ನಾಲ್ಕು ಜನರ ಕುಟುಂಬಕ್ಕೆ ನಾನು ಅದನ್ನೇ ಹೇಳುತ್ತೇನೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಮಾತ್ರ ಒಂದು ವಿಷಯ ಬಿಡಿಸಿ ಹೇಳಬೇಕು. ಎರಡು ಬೆಡ್‌ರೂಮಿನ ವಿಲ್ಲಾದಲ್ಲಿ ಎರಡು ಜಾತಿ ಇದೆ. ಒಂದು ಡೆಡಿಕೇಟೆಡ್, ಇನ್ನೊಂದು ಲಾಕ್-ಆಫ್. ಡೆಡಿಕೇಟೆಡ್‌ನಲ್ಲಿ ಎರಡನೇ ರೂಮಿಗೆ ಎರಡು ಕ್ವೀನ್ ಮಂಚ, ಅಷ್ಟೇ. ಲಾಕ್-ಆಫ್ ಅಂದರೆ ಒಂದು ಬೆಡ್‌ರೂಮಿನ ವಿಲ್ಲಾ ಮತ್ತು ಒಂದು ಸ್ಟುಡಿಯೋ, ನಡುವೆ ಬಾಗಿಲು. ಸ್ಟುಡಿಯೋಗೆ ಅದರದೇ ಹೊರಬಾಗಿಲು, ಅದರದೇ ಸಿಂಕು, ಮೈಕ್ರೋವೇವು. ನಮಗೆ ಸಿಕ್ಕಿದ್ದು ಇದು. ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ಅವರ ರೂಮಿನಲ್ಲೇ ಫಿಲ್ಟರಿಗೆ ನೀರು ಹಾಕಿ, ಹಾಲು ಮೈಕ್ರೋವೇವಿನಲ್ಲಿ ಬಿಸಿ ಮಾಡಿ, ಅಪ್ಪನಿಗೆ ಕಾಫಿ ಕೊಟ್ಟು, ಇಬ್ಬರೂ ಹೊರಬಾಗಿಲಿನಿಂದ ವಾಕಿಂಗ್ ಹೋಗಿಬಂದರೂ ನಮಗೆ ಯಾರಿಗೂ ಎಚ್ಚರವಾಗುತ್ತಿರಲಿಲ್ಲ. ವಯಸ್ಸಾದವರು ಬೇರೆಯವರ ಮನೆಯಲ್ಲಿ ಇದ್ದ ಹಾಗೆ ಸುಮ್ನೆ ಮಲಗಿಕೊಂಡು ಸೂರು ನೋಡುತ್ತಾ ಬೆಳಕಾಗಲಿ ಅಂತ ಕಾಯುವುದು ತಪ್ಪಿತು. ಮಂಚ ಒಂದು ಕಡಿಮೆಯಾದರೂ ಲಾಕ್-ಆಫೇ ಕೇಳಿ.

ಈ ಕ್ಲಬ್ಬಿನ ಎಲ್ಲ ರೆಸಾರ್ಟುಗಳೂ ಕಿಡಾನಿಯ ಹಾಗೆ ಇಲ್ಲ, ಅದೂ ನೆನಪಿರಲಿ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ನಡೆದುಕೊಂಡೇ ಹೋಗಬಹುದಾದ ಬೇ ಲೇಕ್ ಟವರ್‌ನಲ್ಲೂ ಎರಡು ಬೆಡ್‌ರೂಮಿಗೆ ಮೂರು ಬಚ್ಚಲು. ಬೀಚ್ ಕ್ಲಬ್, ಬೋರ್ಡ್‌ವಾಕ್‌ನಲ್ಲಿ ಎರಡೇ. ವಿಸ್ತಾರ ಬೇಕೆಂದರೆ 1991ರಲ್ಲಿ ಈ ಕ್ಲಬ್ ಶುರುವಾದ ಮೊದಲ ಜಾಗ, ಓಲ್ಡ್ ಕೀ ವೆಸ್ಟ್. ಅಲ್ಲಿಯ ಎರಡು ಬೆಡ್‌ರೂಮು 1,333 ಚದರ ಅಡಿ. ನಮ್ಮ 30-40 ಸೈಟೇ 1,200 ಅಡಿ.

ನಮ್ಮಲ್ಲಿ ಟೈಮ್‌ಶೇರ್ ಇಲ್ಲ ಅಂತಲ್ಲ. ಕ್ಲಬ್ ಮಹೀಂದ್ರಾ 1996ರಿಂದ ಇದೆ, ಕೊಡಗಿನಲ್ಲಿ ಅವರ ದೊಡ್ಡ ರೆಸಾರ್ಟೂ ಇದೆ, ಒಂದು ಬೆಡ್‌ರೂಮು ಎರಡು ಬೆಡ್‌ರೂಮು ಅಂತ ಅವರಲ್ಲೂ ವಿಂಗಡಣೆ ಇದೆ. ಆದರೆ ಮೆಂಬರ್ ಆಗದೆ, ಎರಡು ದಿನದ ಮಟ್ಟಿಗೆ, ಒಂದಿಡೀ ಕುಟುಂಬ ಹೋಗಿ ಒಂದೇ ಸೂರಿನಡಿ ಇರುವಂಥದ್ದು ಸಿಗುವುದು ಹೋಮ್‌ಸ್ಟೇಯಲ್ಲಿ.

ಹಾಂ, ಹೋಮ್‌ಸ್ಟೇ. ಅಲ್ಲಿಗೆ ಬಂದಾಗ ನನ್ನ ವಾದ ಸ್ವಲ್ಪ ಸಡಿಲವಾಗುತ್ತದೆ. ಸಕಲೇಶಪುರದ ಹತ್ತಿರ ಹಳೇ ತೋಟದ ಮನೆಯಲ್ಲಿ ಒಮ್ಮೆ ಉಳಿದಿದ್ದೆವು. ಆ ಮನೆಯ ಆಂಟಿ ಅಪ್ಪನನ್ನು ನೋಡಿದ ಕೂಡಲೇ "ನೀವು ಎಷ್ಟೊತ್ತಿಗೆ ಊಟ ಮಾಡ್ತೀರಾ?" ಅಂತ ಕೇಳಿ, ಏಳೂಕಾಲಿಗೆ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ಇಟ್ಟಿದ್ದರು. ಡಿಸ್ನಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಕಿಡಾನಿಯ ಸನಾ ರೆಸ್ಟೋರೆಂಟಿನಲ್ಲಿ ನಾನ್, ಚಟ್ನಿ ಸಿಗುತ್ತದೆ, ಮಕ್ಕಳು ಇಷ್ಟಪಟ್ಟು ತಿಂದರು, ಆದರೆ ಅಪ್ಪನಿಗೆ ಅದು ಊಟವಲ್ಲ. ಹಾಗಾಗಿ ಆ ಚೆಂದದ ಅಡಿಗೆಮನೆಯಲ್ಲಿ ನಿಂತವರು ಯಾರು? ಅಮ್ಮ, ನನ್ನ ಹೆಂಡತಿ, ಅಕ್ಕ. ಪಾರ್ಕಿನಿಂದ ಬಂದು ಕುಕ್ಕರ್ ಇಡುವುದು, ತಿಂದ ಮೇಲೆ ತೊಳೆಯುವುದು. ಭಾವ ಮತ್ತು ನಾನು ಪಾತ್ರೆ ನೋಡಿಕೊಂಡೆವು, ಆದರೂ. ಕಸ ತೆಗೆದು ಟವೆಲ್ ಬದಲಿಸಲು ಅವರು ಬರುವುದು ನಾಲ್ಕನೇ ದಿನ. ಹೆಂಡತಿ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದ್ದು, "ಅಡಿಗೆಮನೆ ಇತ್ತು ಅಂತ ನೀವು ಹೊಗಳ್ತಾ ಇದ್ದೀರಿ, ಸಕಲೇಶಪುರದಲ್ಲಿ ನಾನು ಅಡಿಗೆಮನೆ ಕಡೆ ತಲೇನೇ ಹಾಕಿರಲಿಲ್ಲ." ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಕಿಡಾನಿಯ ಕಟ್ಟಡ ಉದ್ದ, ಲಿಫ್ಟಿನಿಂದ ರೂಮಿಗೆ ಅಪ್ಪ ನಡುವೆ ನಿಂತು ಸುಧಾರಿಸಿಕೊಳ್ಳಬೇಕಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೆಟ್ಟಿಲಿರಲಿಲ್ಲ, ದೂರ ಇತ್ತು.

ಮೆಂಬರ್ ಆಗುತ್ತೀರಾ ಅಂತ ಕೇಳಿದವರಿಗೆ ನನ್ನ ಉತ್ತರ, ಇಲ್ಲ. ಹೊಸಬರು ಕಂಪನಿಯಿಂದ ನೇರವಾಗಿ ತಗೊಂಡರೆ ಪಾಯಿಂಟಿಗೆ 200 ಡಾಲರ್ ದಾಟುತ್ತದೆ, ಕನಿಷ್ಠ 150 ಪಾಯಿಂಟ್ ತಗೊಳ್ಳಬೇಕು. ಅಲ್ಲಿಗೇ 30,000 ಡಾಲರ್. ಮೇಲೆ ಪ್ರತಿ ವರ್ಷ ನಿರ್ವಹಣೆ ದುಡ್ಡು, ಅದು ಏರುತ್ತಲೇ ಇರುತ್ತದೆ. ಸ್ವಂತ ಜಾಗ ಅಂದುಕೊಳ್ಳುವ ಹಾಗೂ ಇಲ್ಲ, ಕಿಡಾನಿಯ ಒಪ್ಪಂದಗಳೆಲ್ಲ 2057ರ ಜನವರಿ 31ಕ್ಕೆ ಮುಗಿಯುತ್ತವೆ. ಮನಸ್ಸು ಬದಲಾದರೆ ಫ್ಲಾರಿಡಾದ ಕಾನೂನು ಹತ್ತು ದಿನ ಕೊಡುತ್ತದೆ, ಅಷ್ಟರೊಳಗೆ ಬರೆದು ಕೊಟ್ಟು ರದ್ದು ಮಾಡಬಹುದು. ರೀಸೇಲ್‌ನಲ್ಲಿ, ಅಂದರೆ ಹಳೇ ಮೆಂಬರಿನಿಂದ ತಗೊಂಡರೆ, ಕಡಿಮೆಗೆ ಸಿಗುತ್ತದೆ, ಆದರೆ 2019ರ ಜನವರಿ 19ರಿಂದ ಈಚೆಗೆ ಕಿಡಾನಿಯನ್ನು ಹಾಗೆ ತಗೊಂಡವರಿಗೆ ರಿವಿಯೆರಾ ಸಿಗುವುದಿಲ್ಲ. ನಮ್ಮಂಥವರಿಗೆ ಪಾಯಿಂಟಿಗೆ 20 ಡಾಲರ್ ಆಸುಪಾಸಿನಲ್ಲಿ ಬಾಡಿಗೆಗೆ ತಗೊಳ್ಳುವುದೇ ಸರಿ. ಅದರಲ್ಲೂ ಒಂದು ತೊಂದರೆ. ಮೆಂಬರಿಗೆ ತಾನು ಪಾಯಿಂಟ್ ಕೊಂಡ ರೆಸಾರ್ಟೇ ಆದರೆ 11 ತಿಂಗಳು ಮೊದಲು ಬುಕ್ ಮಾಡಲು ಬಿಡುತ್ತಾರೆ, ಬೇರೆಯದಾದರೆ 7 ತಿಂಗಳು. ಅಪ್ಪ ಅಮ್ಮನ ವೀಸಾ, ಟಿಕೆಟ್, ಆರೋಗ್ಯ ಅಷ್ಟು ಮೊದಲೇ ಯಾರಿಗೆ ಗೊತ್ತಿರುತ್ತದೆ? ಬಾಡಿಗೆ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದೂ ಇಲ್ಲ.

ಅಪ್ಪನಿಗೆ ಇನ್ನೊಮ್ಮೆ ಅಷ್ಟು ದೂರದ ಪ್ರಯಾಣ ಬೇಡವಂತೆ. ಹಾಗಾಗಿ ಬರುವ ಡಿಸೆಂಬರಿಗೆ ನಾವೇ ಎಲ್ಲರೂ ಊರಿಗೆ ಹೊರಟಿದ್ದೇವೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಇಂಥ ಮನೆ ಬಾಡಿಗೆಗೆ ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಎಲ್ಲರೂ ಕೂರುವ ಒಂದು ಹಾಲ್, ಮುಚ್ಚುವ ಬಾಗಿಲಿರುವ ಮೂರು ಕೋಣೆ, ಎರಡಾದರೂ ಬಚ್ಚಲು, ಅಪ್ಪನ ಕೋಣೆಗೆ ಮೆಟ್ಟಿಲು ಇರಬಾರದು. ಅಡಿಗೆ ಮಾಡಿ ಬಡಿಸುವವರು ಅಲ್ಲೇ ಇದ್ದರೆ ಜಾಸ್ತಿ ಕೊಡಲು ತಯಾರಿದ್ದೇವೆ. ಬಟ್ಟೆ ಒಣಗಿಸಲು ಒಂದು ಹಗ್ಗ ಇದ್ದರೆ ಸಾಕು, ಮಷಿನ್ ಬೇಡ.